ಹೊಸ ಹಡಗಿಗೆ ಸಿಕ್ಕ ಬಲೆ

ಖೋರ್ ಅಲ್ ಸಿದ್ರ್, ಓಮಾನ್
ಅಕ್ಟೋಬರ್ ೨೮, ಬೆಳಿಗ್ಗೆ

ನಮ್ಮ ಶಮ್ಸಾಳ ಅಪ್ಪನಿಗೆ ಝುವೈನಾಳ ಸಲಾಮು,

ಹೇಗಿದ್ದೀರಿ? ಸೊಂಟದ ನೋವು ಇಳಿಯಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀರೋ, ಇಲ್ಲ ವಿಚಾರಣೆಯವರ ಪ್ರಶ್ನೆಗಳನ್ನೇ ನುಂಗಿಕೊಂಡಿದ್ದೀರೋ? ವಿಚಾರಣೆ ಮುಗಿಯುವವರೆಗೆ ನಿಮಗೆ ಫೋನಿಲ್ಲವೆಂದು ತಿಳಿದು, ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಪೆನ್ನು ಹಿಡಿದಿದ್ದೇನೆ. ಶಮ್ಸಾಳಿಗೆ ಎರಡು ಹಲ್ಲು ಬಂದಿವೆ. ಎರಡನ್ನೂ ನನ್ನ ಮೇಲೆಯೇ ಪ್ರಯೋಗಿಸುತ್ತಾಳೆ.

ನೌಕಾಬಲದ ಹೊಸ ಗಸ್ತು ಹಡಗು ಹೊರಟ ಅರ್ಧ ಗಂಟೆಗೇ ಪ್ರೊಪೆಲರಿಗೆ ಬಲೆ ಸುತ್ತಿ ನಿಂತಿತು, ಹಡಗಿಗೆ ದಾರಿ ಹೇಳುತ್ತಿದ್ದ ನೀವೇ ಅದನ್ನು ಹಡಗಿನ ದಾರಿಗೆ ತೇಲಿಬಿಟ್ಟ ಪೀಪಾಯಿ ಗುರುತಿನಾಚೆ ಒಯ್ದಿರೆಂಬ ಅನುಮಾನವಿದೆ ಎಂದು ಕೇಳಿದಾಗ ಹೆದರಿದೆ. ಆಮೇಲೆ ನಗುವೂ ಬಂತು. ನಲವತ್ತು ಮೈಲಿ ಆಚೆಯ ಕಳ್ಳದೋಣಿ ಹಿಡಿಯುವ ರೇಡಾರಿಗೆ ಮೂಗಿನಡಿಯ ಬಲೆ ಕಾಣಲಿಲ್ಲವೇ! ಬಲಕ್ಕೆ ತಕ್ಕ ಬಲೆ. ನಗಬಾರದು, ಗೊತ್ತು. ಹೋದ ವರ್ಷದ ಚಂಡಮಾರುತದಲ್ಲಿ ನನ್ನ ಅಣ್ಣನನ್ನು ನೀರಿನಿಂದ ಎತ್ತಿದ್ದು ನಿಮ್ಮ ಹಳೆಯ ಹಡಗೇ. ಅಲೆಗಳ ನಡುವೆ ಅವನನ್ನು ಹುಡುಕಲು ನಾಲ್ಕು ಗಂಟೆ ಬೇಕಾಯಿತು. ಹೊಸದು ಅರ್ಧ ಗಂಟೆಯಲ್ಲಿ ಹುಡುಕುತ್ತದಂತೆ. ಹಾಗಾಗಿ ಅದು ನಮ್ಮ ಹಡಗೂ ಹೌದು.

ಮೊನ್ನೆ ನಿಮ್ಮ ನೌಕಾಬಲದವರು ಬಲೆಯ ತುಂಡೊಂದನ್ನು ತಂದು ಮೀನುಗಾರರ ಕಡಲ ಪಂಚಾಯ್ತಿಯ ಮುಂದಿಟ್ಟು ಹೋದರು. ಅಲ್ಲಿ ಹಿರಿಯರು ನಿಮ್ಮ ಅಪ್ಪನೇ ತಾನೆ! ನಮ್ಮ ಜಗಲಿಯಲ್ಲೇ ಸಭೆ. "ಯಾರದ್ರಪ್ಪಾ ಇದು?" ಎಂದು ಮಾವ ಕೇಳಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಬಿಡಲು ಬಾಯಿ ಖಾಲಿಯಿರಬೇಕಲ್ಲ? ಸಾಕೆಂದು ಬಟ್ಟಲು ಅಲ್ಲಾಡಿಸಿದರೆ ಮಾತಾಡಬೇಕಾದೀತೆಂದು ಎಲ್ಲರೂ ಕಹ್ವಾ ಕಾಫಿ ಹಾಕಿಸಿಕೊಳ್ಳುತ್ತಲೇ ಇದ್ದರು. ಒಳಗಿನಿಂದ ಮೂರು ಹೂಜಿ ಕಾಯಿಸಿ ಕಳಿಸಿದೆ. ಬಲೆಯಂಚಿನ ಆ ಎರಡು ಸುತ್ತಿನ ಗಂಟನ್ನು ಈ ಊರಿನಲ್ಲಿ ಮಾವನ ಹೊರತು ಯಾರು ಹಾಕುತ್ತಾರೆ? "ಹಡಗಿನ ದಾರೀಲಿ ಬಲೆ ಬಿಟ್ರೆ ಒಂದು ತಿಂಗಳು ದೋಣಿ ದಡಕ್ಕೆ" ಎಂದು ಊರಿಗೆಲ್ಲ ಸಾರಿದವರೂ ಅವರೇ! ಕೊನೆಗೆ ಮುದುಕ ಸುವೈದಾನ್ ತಡೆಯಲಾರದೆ ಮಾವನತ್ತ ತಿರುಗಿ, "ಖಲ್ಫಾನ್, ಹೊಟ್ಟೇಲಿ ಇನ್ನು ಜಾಗ ಇಲ್ಲ ಕಣೋ. ನೀನೇ ಹೇಳ್ಬಿಡು" ಎಂದ.

ಮಾವ ಆ ತುಂಡನ್ನು ಎತ್ತಿಕೊಂಡು ಗಂಟನ್ನು ಸವರಿದರು. "ಅಂಜಲ್ ಮೀನು ಬಂದಿತ್ತು ಕಣ್ರೋ. ನಲ್ವತ್ತು ವರ್ಷ ಅಲ್ಲೇ ಬಲೆ ಬಿಟ್ಟ ಕೈ. ಕೆಂಪು ಪೀಪಾಯಿ ಗುರುತು ಕಂಡಿತ್ತು, ಕಾಣದವನ ಹಾಗೆ ಮಾಡ್ದೆ" ಎಂದರು. ತಮ್ಮ ದೋಣಿಯನ್ನೇ ಒಂದು ತಿಂಗಳು ದಡಕ್ಕೆ ಹಾಕಿದರು. ಹದಿನೈದು ದಿನ ಸಾಕೆಂದ ಸುವೈದಾನನಿಗೆ, "ನೀನಾಗಿದ್ರೆ ಎರಡು ತಿಂಗಳು ಹಾಕ್ತಿದ್ದೆ, ಸುಮ್ನಿರು!" ಎಂದು ಗದರಿದರು. ಬಲೆ ಬಿಟ್ಟಿದ್ದು ಗುರುತಿನ ಒಳಗೇ, ಹಡಗು ದಾರಿ ತಪ್ಪಿರಲೇ ಇಲ್ಲ ಎಂದು ನನ್ನಿಂದಲೇ ಬರೆಸಿ ಹೆಬ್ಬೆಟ್ಟು ಒತ್ತಿದ್ದಾರೆ. ಊರಿನವರು ಎಲ್ಲೆಲ್ಲಿ ಬಲೆ ಬಿಡುತ್ತಾರೆಂದು ನಿಮ್ಮ ಹೊಸ ನಕ್ಷೆಯಲ್ಲಿ ಬೆರಳಿಟ್ಟು ತೋರಿಸುತ್ತಾರಂತೆ. ಆ ಬೆರಳುಗಳಿಗೆ ಇಷ್ಟೊಂದು ಕೆಲಸ ಎಂದೂ ಬಿದ್ದಿರಲಿಲ್ಲ.

ಅತ್ತೆ ಪ್ರತಿ ನಮಾಜಿನಲ್ಲೂ ನಿಮ್ಮ ಹೆಸರು ಸೇರಿಸುತ್ತಾರೆ. ದೇವರು ನಿಮ್ಮನ್ನೂ ಹಡಗನ್ನೂ ತೇಲಿಸಲಿ.

ನಿಮ್ಮ
ಝುವೈನಾ

ತಾ.ಕ.: ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಹೇಳಿಕೆಯನ್ನು ಅಂಚೆಗೆ ಹಾಕೋಣವೆಂದರೆ ಮಾವ, "ತಪ್ಪು ನಂದು, ಕಾಲೂ ನಂದೇ" ಎಂದು ಇಸ್ತ್ರಿ ಮಾಡಿದ ನಿಲುವಂಗಿ ತೊಟ್ಟು ತಾವೇ ಹೊರಟಿದ್ದಾರೆ. ಅವರಿಗೆ ಹೆದರಿಕೆ ಕಮಾಂಡರದ್ದಲ್ಲ, ನಿಮ್ಮ ಮುಖದ್ದು. ಈ ಪತ್ರವನ್ನು ನಿಮ್ಮ ನೌಕಾನೆಲೆಯ ಕಾವಲಿನವನ ಕೈಗೆ ಕೊಟ್ಟು ಗೇಟಿನಾಚೆ ನಿಂತಿರುತ್ತಾರೆ. ಸಮವಸ್ತ್ರದಲ್ಲೇ ಹೋಗಿ, ಎಲ್ಲರೆದುರೇ ಅವರ ಕೈಗೆ ಮುತ್ತಿಡಿ. ಓದಿದ್ದು ಸಾಕು, ಏಳಿ.