ಒಂದು ನಿಮಿಷ ಐವತ್ತೆರಡು ಸೆಕೆಂಡು

ಸೆಪ್ಟೆಂಬರ್ 5

ಕಾರ್ಖಾನೆಯಲ್ಲಿ ಇವತ್ತೂ ಕಿಟಕಿ ಜಗಳ. ನಾನು ತೆರೆದೆ, ಹೆಂಗಸರು ಮುಚ್ಚಿದರು. ಒಳಗೆ ಮೂವತ್ತನಾಲ್ಕು ಡಿಗ್ರಿ. ಆದರೂ ಎರಡು ಕಿಟಕಿಯ ನಡುವಿನ ಗಾಳಿ ತಗುಲಿದರೆ ಕುತ್ತಿಗೆ ಹಿಡಿಯುತ್ತದಂತೆ, ಕಿಡ್ನಿ ಕೆಡುತ್ತದಂತೆ, ಮಕ್ಕಳಾಗುವುದಿಲ್ಲವಂತೆ. ಕೊನೆಯದನ್ನು ಹೇಳಿದ್ದು ಐವತ್ತೆರಡು ವರ್ಷದ ವೆಲಿಕಕ್ಕ.

"ಇನ್ನೂ ಮಕ್ಕಳು ಬೇಕಾ ಅಕ್ಕಾ ನಿಂಗೆ?" ಅಂದೆ.

"ಬೇಕು ಅಂದ್ರೆ ನಿನ್ನ ಕೇಳ್ತೀನಾ? ನನ್ ಮಿಷಿನ್ನು ದಾರ ತಿಂತಿದೆ, ಮೊದ್ಲು ಅದನ್ನ ನೋಡು ಮೇಸ್ತ್ರಿ."

ಇಡೀ ಸಾಲು ನಕ್ಕಿತು. ನಲವತ್ತೆಂಟು ಹೆಂಗಸರು, ದಿನವಿಡೀ ಬ್ರಾ ಹೊಲಿಯುವವರು. ಮಿಷಿನ್ ರಿಪೇರಿಗೆ ನಾನೊಬ್ಬ ಗಂಡಸು, ಅದೂ ಮದುವೆಯಾಗದವನು. ಇಪ್ಪತ್ತೊಂದು ವರ್ಷವಾಯಿತು, ಈಗಲೂ ಕಿವಿ ಕೆಂಪಾಗುತ್ತದೆ. ಅವರಿಗೆ ಅದೇ ಬೇಕು.

ಸೆಪ್ಟೆಂಬರ್ 12

ಮಾಲು ಕೊಳ್ಳುವ ಜರ್ಮನ್ನರು ತಪಾಸಣೆಗೆ ಬರುತ್ತಾರಂತೆ. ಅದಕ್ಕೇ ಹೊಸ ಪೆಟ್ಟಿಗೆಯೊಂದು ಬಂದಿದೆ. ಹೃದಯ ನಿಂತವರಿಗೆ ಶಾಕ್ ಕೊಡುವ ಪೆಟ್ಟಿಗೆ. ಮುಚ್ಚಳ ತೆರೆದರೆ ತಾನೇ ಮಾತಾಡುತ್ತದೆ, ಪಕ್ಕದ ದೇಶದ ಸೆರ್ಬಿಯನ್ ಭಾಷೆಯಲ್ಲಿ, ಹೆಣ್ಣು ದನಿ. ಪ್ರತಿ ಪಾಳಿಗೂ ಪ್ರಥಮ ಚಿಕಿತ್ಸೆಗೆ ಒಬ್ಬ ಜವಾಬ್ದಾರನ ಹೆಸರು ಬೇಕಂತೆ.

"ಸ್ಲಾವ್ಚೋ, ಇದು ಯಂತ್ರ ತಾನೇ?" ಅಂದರು ಡೈರೆಕ್ಟರು. "ಹೌದು" ಅಂದೆ. "ಯಂತ್ರ ಅಂದ್ಮೇಲೆ ನಿಂದೇ." ಮುಗಿಯಿತು. ಸಹಿ ಹಾಕಿದೆ.

ಪೆಟ್ಟಿಗೆಯನ್ನು ತಮ್ಮ ಕೋಣೆಯ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು. ಯಾರಾದರೂ ಕದ್ದಾರಂತೆ. ಊಟಕ್ಕಿಲ್ಲದ ಉಪ್ಪಿನಕಾಯಿ.

ಸೆಪ್ಟೆಂಬರ್ 14

ಡೈರೆಕ್ಟರು ಊಟಕ್ಕೆ ಹೋದಾಗ ಡ್ರಿಲ್ ತಗೊಂಡು ಹೋಗಿ ಬೀರುವಿನ ಬೀಗ ಕಳಚಿ, ಪೆಟ್ಟಿಗೆಯನ್ನು ಹೊಲಿಗೆ ಹಾಲಿನ ನಡುವಿನ ಕಂಬಕ್ಕೆ ಕೂರಿಸಿದೆ. ಬೀಗವಿಲ್ಲ. ಬಂದು ನೋಡಿ ಮುಖ ಊದಿಸಿಕೊಂಡರು. ಜವಾಬ್ದಾರ ನಾನು, ಸಹಿ ನನ್ನದು ಅಂದೆ. ಉತ್ತರಕ್ಕೆ ಕಾಯದೆ ಡ್ರಿಲ್ ಎತ್ತಿಕೊಂಡು ಹೊರಟುಬಿಟ್ಟೆ.

ಸೆಪ್ಟೆಂಬರ್ 21

ತರಬೇತಿ. ನರ್ಸ್ ಒಬ್ಬಳು ರಬ್ಬರಿನ ಗೊಂಬೆ ತಂದಿದ್ದಳು. ಕೈ ಇಲ್ಲ, ಕಾಲಿಲ್ಲ, ಗಂಡಸಿನ ಬೋಳು ಎದೆ. ಎರಡೇ ನಿಮಿಷದಲ್ಲಿ ನಮ್ಮವರು ಅವನಿಗೆ ಟೋಮೆ ಅಂತ ಹೆಸರಿಟ್ಟು ಮದುವೆಗೆ ಹೆಣ್ಣನ್ನೂ ಹುಡುಕಿಬಿಟ್ಟರು. ಎದೆಯನ್ನು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒತ್ತಬೇಕು, ಐದು ಸೆಂಟಿಮೀಟರು ಆಳಕ್ಕೆ. ಶಾಕ್ ಕೊಡುವ ಪ್ಯಾಡ್ ಎರಡು, ಬರಿಯ ಚರ್ಮಕ್ಕೇ ಅಂಟಬೇಕು. ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಹತ್ತರಲ್ಲಿ ಒಂದು ಪಾಲು ಕಡಿಮೆಯಂತೆ.

ವೆಲಿಕಕ್ಕ ಸಾಲಿನಿಂದ ಕೆಂಪು ಲೇಸಿನ ಬ್ರಾ ತಂದು ಟೋಮೆಗೆ ತೊಡಿಸಿದಳು. "ಈಗ ಬಿಚ್ಚು ನೋಡೋಣ ಮೇಸ್ತ್ರಿ!" ಹಾಲ್ ಸಿಡಿದುಹೋಗುವಂತೆ ನಕ್ಕರು. ನರ್ಸ್ ಸಿಟ್ಟಾಗಿ ಅದನ್ನು ಕಿತ್ತೆಸೆದಳು. "ಇದು ತಮಾಷೆ ಅಲ್ಲ."

ನನಗೆ ಬದುಕಿದೆಯಾ ಬಡಜೀವವೇ ಅನ್ನಿಸಿತು. ಬೋಳು ಎದೆಗೆ ಚೆನ್ನಾಗಿಯೇ ಪ್ಯಾಡ್ ಅಂಟಿಸಿದೆ. ಸರ್ಟಿಫಿಕೇಟ್ ಬಂತು.

ಅಕ್ಟೋಬರ್ 9

ಊರೆಲ್ಲ ಸುಟ್ಟ ಕೆಂಪು ಮೆಣಸಿನಕಾಯಿಯ ವಾಸನೆ. ಎಲ್ಲರ ಅಂಗಳದಲ್ಲೂ ಚಳಿಗಾಲಕ್ಕೆ ಅದರ ಗೊಜ್ಜು, ಐವಾರ್, ಕುದಿಯುತ್ತಿದೆ. ಹೆಂಗಸರ ಕೈಬೆರಳು ಕೆಂಪು. ಡೈರೆಕ್ಟರು ಬಿಳಿ ಬಟ್ಟೆ ಮುಟ್ಟುವ ಮೊದಲು ಕೈ ತೊಳೆಯಿರಿ ಅಂತ ಚೀಟಿ ಅಂಟಿಸಿದ್ದಾರೆ.

ವೆಲಿಕಕ್ಕ ಎಡತೋಳು ಉಜ್ಜಿಕೊಳ್ಳುತ್ತಿದ್ದಳು. ದವಡೆಯೂ ಎಳೆಯುತ್ತಿದೆಯಂತೆ, ಹೊಟ್ಟೆ ತೊಳಸುತ್ತಿದೆಯಂತೆ.

"ಐವತ್ತು ಕಿಲೋ ಮೆಣಸಿನಕಾಯಿ ಕಣೋ. ದೊಡ್ಡ ಸೌಟು ತಿರುಗಿಸಿ ತಿರುಗಿಸಿ ತೋಳು ಬಿದ್ದೋಗಿದೆ."

"ದವಡೆಯಿಂದ ತಿರುಗಿಸಿದ್ಯಾ ಅಕ್ಕಾ?"

"ದವಡೆಗೆ ನಿನ್ ಕಿಟಕಿ ಗಾಳಿ."

ನಾನೂ ನಕ್ಕೆ.

ಅಕ್ಟೋಬರ್ 11, ಸಂಜೆ 6

ವೆಲಿಕಕ್ಕ ಬಿದ್ದಳು. ಆಸ್ಪತ್ರೆಗೆ ಹೋಗುವಾಗ ಜೀವ ಇತ್ತು. ಇವತ್ತು ಬರೆಯಲಾಗುವುದಿಲ್ಲ.

ಜೇಬು ಖಾಲಿ ಮಾಡಿದೆ. ಎರಡು ಮಿಷಿನ್ ಸೂಜಿ, ಬೆಲ್ಟಿನ ತುಂಡು, ಒಂದು ಸೇಫ್ಟಿ ಪಿನ್. ಪಿನ್ನು ನನ್ನದಲ್ಲ. ಎಲ್ಲಿಂದ ಬಂತೋ.

ಅಕ್ಟೋಬರ್ 12

ಬದುಕಿದ್ದಾಳೆ. ರಾಜಧಾನಿ ಸ್ಕೋಪ್ಯೆಯ ಆಸ್ಪತ್ರೆಗೆ ಕರೆದೊಯ್ದಿದ್ದಾರೆ. ಇನ್ನೂ ಎಚ್ಚರವಿಲ್ಲ.

ಬರೆದುಬಿಡುತ್ತೇನೆ. ಬೇರೆ ಯಾರಿಗೂ ಹೇಳಲಾರೆ.

ನಿನ್ನೆ ಬೆಳಿಗ್ಗೆ ಹತ್ತೂ ಮುಕ್ಕಾಲರ ಹೊತ್ತು. ಕುರ್ಚಿ ಬಿದ್ದ ಸದ್ದು. ಹೋಗುವಷ್ಟರಲ್ಲಿ ಒಬ್ಬಳು ಸಕ್ಕರೆ ನೀರು ತುಟಿಗೆ ಹಿಡಿದಿದ್ದಳು, ಇನ್ನೊಬ್ಬಳು ಮಣಿಕಟ್ಟಿಗೆ ರಾಕಿಯಾ ಸಾರಾಯಿ ಉಜ್ಜುತ್ತಿದ್ದಳು. ನಮ್ಮಲ್ಲಿ ಯಾರು ಬಿದ್ದರೂ ಇವೆರಡು ಮೊದಲು. ವೆಲಿಕಕ್ಕನ ಮುಖ ಬೂದಿ ಬಣ್ಣ. ಉಸಿರಿಲ್ಲ. ಸರಿಯಿರಿ ಅಂತ ಕೂಗಿದೆ, ಪೆಟ್ಟಿಗೆ ತಂದೆ, ತೆರೆದೆ. ಅಲ್ಲಿಯವರೆಗೆ ಎಲ್ಲ ಸರಿ.

"ಎದೆಯ ಮೇಲಿನ ಬಟ್ಟೆ ತೆಗೆಯಿರಿ" ಅಂದಿತು ಪೆಟ್ಟಿಗೆ.

ಅವಳ ಮೇಜಿನ ಕತ್ತರಿ ಕೈಗೆತ್ತಿಕೊಂಡೆ. ಆಮೇಲೆ… ಕೈ ನಿಂತಿತು. ಮೊಣಕಾಲೂರಿ, ಕತ್ತರಿ ಹಿಡಿದು, ಸುಮ್ಮನೆ. ಒತ್ತಲೂ ಇಲ್ಲ. ಹೂವಿನ ಚಿತ್ತಾರದ ಕುಪ್ಪಸ, ಮೇಲಿನ ಗುಂಡಿ ನೀಲಿ. ಸುತ್ತ ಅಷ್ಟು ಕಣ್ಣು. ವೆಲಿಕಕ್ಕನ ಎದೆ ನಾನು ನೋಡುವುದೇ? ಇಷ್ಟೇ ತಲೆಯಲ್ಲಿದ್ದದ್ದು. ಪೆಟ್ಟಿಗೆ ಮತ್ತೆ ಹೇಳಿತು. ಮತ್ತೆ ಹೇಳಿತು. ಯಾರೋ ಮರ್ಯಾದೆ ಕಾಯಲು ಅವಳ ಮೇಲೆ ಸ್ವೆಟರ್ ಬೇರೆ ಹೊದಿಸಿದರು. ನನಗೆ ಒಳ್ಳೆಯದಾಯಿತು ಅನ್ನಿಸಿತು. ಥೂ.

ಸೂಪರ್‌ವೈಸರ್ ತ್ರಾಯಂಕಾ ಓಡಿ ಬಂದು ಸ್ವೆಟರ್ ಕಿತ್ತೆಸೆದಳು. "ಕತ್ತರಿಸೋ! ಸತ್ಹೋಗ್ತಿದಾಳೆ, ನಾಚ್ಕೊಳ್ತಾ ಕೂತಿದೀಯ!" ಆಮೇಲೆ ಉಳಿದವರ ಕಡೆ ತಿರುಗಿ, "ಬಟ್ಟೆ ಹಿಡೀರಿ! ಬೆನ್ನು ಮಾಡಿ ನಿಲ್ರಿ ಎಲ್ರೂ!"

ಲೈನಿಂಗ್ ಬಟ್ಟೆಯ ಥಾನು ಬಿಚ್ಚಿ ಸುತ್ತ ಹಿಡಿದರು. ಬಿಳಿ ಗೋಡೆ. ಒಳಗೆ ಅವಳು, ನಾನು, ಪೆಟ್ಟಿಗೆ. ಆಗ ಕತ್ತರಿಸಿದೆ. ಪ್ಯಾಡ್ ಅಂಟಿಸಿದೆ. ಶಾಕ್. ಒತ್ತತೊಡಗಿದೆ. ಹೊರಗೆ ಬೆನ್ನು ತಿರುಗಿಸಿ ನಿಂತವರು ಒಟ್ಟಿಗೆ ಎಣಿಸುತ್ತಿದ್ದರು, ಒಂದು, ಎರಡು, ಮೂರು… ಅಳುತ್ತಲೇ ಎಣಿಸಿದರು, ಒಂದೂ ತಪ್ಪಲಿಲ್ಲ. ಅವಳ ಪಕ್ಕೆಲುಬು ಲಟಕ್ಕಂದದ್ದು ನನ್ನ ಅಂಗೈಗೆ ಗೊತ್ತಾಯಿತು. ಆಂಬುಲೆನ್ಸ್ ಬಂದಾಗ ಕೆಮ್ಮಿದಳು.

ಈಗ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ.

ಅಕ್ಟೋಬರ್ 19

ಪೆಟ್ಟಿಗೆಯ ಕಂಪನಿಯವನು ಹೊಸ ಪ್ಯಾಡ್ ಹಾಕಲು ಬಂದ. ಪೆಟ್ಟಿಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದಂತೆ, ನನಗೆ ಗೊತ್ತಿರಲಿಲ್ಲ. ಕಂಪ್ಯೂಟರಿಗೆ ಹಚ್ಚಿ ಕಾಗದ ತೆಗೆದ. ತೆರೆದದ್ದರಿಂದ ಪ್ಯಾಡ್ ಅಂಟುವವರೆಗೆ ಒಂದು ನಿಮಿಷ ಐವತ್ತೆರಡು ಸೆಕೆಂಡು.

"ಮೊದಲ ಸಲಕ್ಕೆ ಪರವಾಗಿಲ್ಲ ಬಿಡಿ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ಯಾಕೆ, ಜಾಸ್ತಿ ಆಯ್ತಾ?" ಅಂತ ನಾನೇ ಕೇಳಿದೆ. ಅವನು ಕಾಗದವನ್ನು ನನ್ನ ಕೈಗಿಟ್ಟು ಚೀಲ ಕಟ್ಟಿದ.

ಬಟ್ಟೆ ಕತ್ತರಿಸಲು ಇಪ್ಪತ್ತು ಸೆಕೆಂಡು ಸಾಕು. ಉಳಿದದ್ದು ನನ್ನ ನಾಚಿಕೆಯ ಲೆಕ್ಕಕ್ಕೆ. ಕಾಗದ ಮಡಚಿ ಈ ಪುಸ್ತಕದಲ್ಲಿ ಇಟ್ಟಿದ್ದೇನೆ.

ನವೆಂಬರ್ 6

ವೆಲಿಕಕ್ಕನ ಗಂಡ ಅಪೊಸ್ತೋಲ್ ಗೇಟಿನ ಹತ್ತಿರ ಕಾದಿದ್ದ. ಕಪಾಳಕ್ಕೆ ಬಿಡುತ್ತಾನೆ ಅಂದುಕೊಂಡೆ. ಐವಾರ್ ಸೀಸೆ ಕೈಗಿಟ್ಟು ಅತ್ತುಬಿಟ್ಟ. ಬೀಳುವ ಮೊದಲು ಅವಳೇ ಸೌಟು ತಿರುಗಿಸಿದ ಐವಾರ್.

"ಎದೆಯೊಳ್ಗೆ ಚಿಕ್ಕ ಮಿಷಿನ್ನು ಇಟ್ಟಿದಾರಪ್ಪ. ಓಡಾಡ್ತಾಳೆ, ಬಯ್ತಾಳೆ, ಎಲ್ಲಾ ಮೊದ್ಲಿನ ಹಾಗೇ. ಹೆಸರು ಮಾತ್ರ ಮರೀತಾಳೆ. ಮೊಮ್ಮಗನ್ನ ನನ್ ಹೆಸರಲ್ಲಿ ಕರೀತಾಳೆ."

"ನೋಡೋಕೆ ಬರ್ಲಾ ಅಣ್ಣಾ?"

ನೆಲ ನೋಡಿದ. "ಬೇಡಪ್ಪ. ನಿನ್ನ ಬಿಟ್ಟು ಯಾರು ಬೇಕಾದ್ರೂ ಬರ್ಲಿ ಅಂತಾಳೆ. ಯಾಕೆ ಅಂದ್ರೆ ಹೇಳಲ್ಲ."

ಅವಳಿಗೆ ಗೊತ್ತಾಗಿದೆ. ಯಾರೋ ಹೇಳಿದ್ದಾರೆ, ಕತ್ತರಿ ಹಿಡಿದು ಕೂತಿದ್ದ ಅಂತ. ಮಿದುಳಿಗೆ ರಕ್ತ ಹೋಗದೆ ಆ ಹೆಸರುಗಳು ಅಳಿಸಿದ್ದು ನನ್ನ ನಿಮಿಷದಲ್ಲೇ. ಸೀಸೆ ತೆರೆಯಲು ಮನಸ್ಸಾಗುತ್ತಿಲ್ಲ.

ಫೆಬ್ರವರಿ 13

ವೆಲಿಕಕ್ಕ ಕೆಲಸಕ್ಕೆ ಬಂದಳು. ಪ್ಯಾಕಿಂಗ್ ಮೇಜಿಗೆ, ಹಗುರ ಕೆಲಸ. ಎಲ್ಲರೂ ತಬ್ಬಿಕೊಂಡರು. ನಾನು ಎದುರಿಗೆ ಬಂದರೆ ಡಬ್ಬದೊಳಗೆ ತಲೆ ಹಾಕುತ್ತಾಳೆ.

ಮಧ್ಯಾಹ್ನ ನಾನು ಎರಡಡಿ ದೂರದಲ್ಲಿದ್ದೆ. ತ್ರಾಯಂಕಾಗೆ ಹೇಳುತ್ತಾಳೆ, "ಮೇಸ್ತ್ರಿಗೆ ಹೇಳು, ಈ ದೀಪ ಮಿಣಕ್ತಿದೆ ಅಂತ."

ದೀಪ ಸರಿಮಾಡಿದೆ. ಇಪ್ಪತ್ತೊಂದು ವರ್ಷ ಗೋಳು ಹೊಯ್ದುಕೊಂಡವಳು. ಒಂದು ಬೈಗುಳವಾದರೂ ಬೈದಿದ್ದರೆ ಸಾಕಿತ್ತು.

ಮಾರ್ಚ್ 3

ತರಬೇತಿ ಈ ತಿಂಗಳ ಕೊನೆಗೆ ಮತ್ತೆ. ನನ್ನ ಹೆಸರು ತೆಗೆಯಿರಿ ಅಂತ ಡೈರೆಕ್ಟರಿಗೆ ಬರೆದುಕೊಟ್ಟೆ. ಅವರು ನಕ್ಕು ಕಾಗದ ಹರಿದರು. "ಹೀರೋ ನೀನು." ಗಾಯದ ಮೇಲೆ ಬರೆ.

ಮಾರ್ಚ್ 22

ಚೆತ್ರ್ಸೆ, ನಲವತ್ತು ಹುತಾತ್ಮರ ಹಬ್ಬ. ಅರ್ಧ ದಿನ ರಜೆ, ಊರೆಲ್ಲ ಇಸಾರ್ ಗುಡ್ಡ ಹತ್ತಿತ್ತು. ದಾರಿಯಲ್ಲಿ ನಲವತ್ತು ಕಲ್ಲು ಆರಿಸಬೇಕು, ನಲವತ್ತು ಪರಿಚಯದವರಿಗೆ ನಮಸ್ಕಾರ ಹೇಳಬೇಕು. ಮೂವತ್ತೊಂಬತ್ತು ಕಲ್ಲು ಹೊಳೆಗೆ, ಒಂದು ದಿಂಬಿನಡಿಗೆ. ಮೂವತ್ತೊಂದು ನಮಸ್ಕಾರಕ್ಕೇ ನನಗೆ ಸಾಕಾಯಿತು. ಗುಡ್ಡದ ತುದಿಯ ಹಳೆಯ ಕೋಟೆ ಗೋಡೆಯ ಮೇಲೆ ಕೂತೆ.

ವೆಲಿಕಕ್ಕ ಒಬ್ಬಳೇ ಬಂದಳು. ಏದುಸಿರು. ಅಪೊಸ್ತೋಲ್ ದೂರದಲ್ಲಿ ನಿಂತು ಮೋಡ ನೋಡುವವನಂತೆ ನೋಡುತ್ತಿದ್ದ.

"ಎಷ್ಟಾಯ್ತು ನಿಂದು?"

ಐದು ತಿಂಗಳ ಮೇಲೆ ಮೊದಲ ಮಾತು. "ಮೂವತ್ತೊಂದು" ಅಂದೆ.

"ನಂದು ಮೂವತ್ತೊಂಬತ್ತು. ಆವಾಗ್ಲಿಂದ ಇಲ್ಲೇ ಸುತ್ತಾಡ್ತಿದೀನಿ. ಎದುರಿಗೆ ಬಂದೋರ್ಗೆಲ್ಲ ಮುಖ ತಿರುಗ್ಸಿ, ನಲವತ್ತನೇದು ಇಟ್ಕೊಂಡಿದೀನಿ. ನಮಸ್ಕಾರ ಸ್ಲಾವ್ಚೋ."

ಹೆಸರು ಹಿಡಿದು ಕರೆದಳು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಕತ್ತರಿ, ನೀಲಿ ಗುಂಡಿ, ಪೆಟ್ಟಿಗೆಯ ಕಾಗದ, ಒಂದು ನಿಮಿಷ ಐವತ್ತೆರಡು. "ಒತ್ತಲೂ ಇಲ್ಲ ಅಕ್ಕಾ. ಸುಮ್ನೆ ಕೂತಿದ್ದೆ. ಅದಕ್ಕೇ ತಾನೇ ನನ್ನ ಮುಖ ನೋಡಲ್ಲ ನೀನು?"

ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. "ಯಾವ ನಿಮಿಷ? ನಂಗೇನೋ ಗೊತ್ತು?"

"ಮತ್ತೆ?"

ಮುಖ ಕೆಂಪಾಯಿತು, ಈ ಸಲ ಅವಳದು. ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. "ಅವತ್ತು ಹಾಕ್ಕೊಂಡಿದ್ದು ಹಳೇದು ಕಣೋ. ತೊಳ್ದು ತೊಳ್ದು ಬಣ್ಣ ಹೋಗಿತ್ತು, ಬಲಗಡೆ ಪಟ್ಟಿ ಕಿತ್ತು ಪಿನ್ನು ಹಾಕಿದ್ದೆ. ಮೂವತ್ತು ವರ್ಷ ಊರೋರ್ಗೆಲ್ಲ ಲೇಸಿನದ್ದು ಹೊಲ್ದೋಳು ನಾನು. ಆಸ್ಪತ್ರೇಲಿ ಎಚ್ಚರ ಆದಾಗ ಮೊದ್ಲು ಬಂದ ಯೋಚ್ನೆ ಅದೇ. ಅಯ್ಯೋ, ಮೇಸ್ತ್ರಿ ಪಿನ್ನು ನೋಡ್ಬಿಟ್ಟ. ಮೊಮ್ಮಗನ ಹೆಸ್ರು ಮರ್ತ್ಹೋಯ್ತು, ಈ ಹಾಳು ಪಿನ್ನು ಮರೀಲಿಲ್ಲ ನೋಡು."

ಪಿನ್ನು. ಆಗ ನೆನಪಾಯಿತು. ಚುಚ್ಚದಿರಲಿ ಅಂತ ಮೊದಲು ಅದನ್ನು ಬಿಚ್ಚಿದ್ದೆ, ಅಭ್ಯಾಸದಂತೆ ಜೇಬಿಗೆ ಹಾಕಿದ್ದೆ. ಇವಳು ಪಿನ್ನಿಗೆ, ನಾನು ನಿಮಿಷಕ್ಕೆ. ಒಂದೇ ಹಾಲಿನಲ್ಲಿ ಇಬ್ಬರೂ ಮುಖ ಮುಚ್ಚಿಕೊಂಡು ಓಡಾಡಿದ್ದೇವೆ.

"ನನ್ನ ಹತ್ರಾನೇ ಇದೆ ಅಕ್ಕಾ, ಮನೇಲಿ" ಅಂದೆ.

ನಕ್ಕಳು. ಪಕ್ಕೆಲುಬು ಹಿಡಿದುಕೊಂಡು ನಕ್ಕಳು. "ಒಂದ್ ನಿಮ್ಷ ಐವತ್ತೆರಡಂತೆ! ಅಲ್ಲಿ ನಿಂತಿದಾನಲ್ಲ, ಮದ್ವೆ ದಿನ ಹುಕ್ಕು ಬಿಚ್ಚೋಕೆ ಅರ್ಧ ಗಂಟೆ ತಗೊಂಡ."

ಆಮೇಲೆ ಕೆಳಗಿನ ಹೊಳೆಯತ್ತ ತಿರುಗಿದಳು. ಎದೆಯ ಎಡಗಡೆ, ಮಿಷಿನ್ನು ಇಟ್ಟ ಜಾಗದ ಮೇಲೆ ಕೈ.

"ಹೋದ್ ಹೆಸರು ಹೋಯ್ತು ಬಿಡು. ಆದ್ರೆ ಆ ನಿಮ್ಷದ ಮಾತನ್ನ ಹಾಲಲ್ಲಿ ಎಲ್ರೆದುರು ಹೇಳ್ಬೇಕು ನೀನು. ಪಿನ್ನಿಂದು ನಾನು ಹೇಳ್ತೀನಿ. ನಾಳೆ ಇನ್ನೊಬ್ಳು ಬಿದ್ರೆ ಯಾರೂ ಕತ್ತರಿ ಹಿಡ್ಕೊಂಡು ಕೂರ್ಬಾರ್ದು."

ಐವಾರ್ ಸೀಸೆ ಇವತ್ತು ತೆರೆದೆ. ಉಪ್ಪು ಸ್ವಲ್ಪ ಜಾಸ್ತಿ. ಪೂರ್ತಿ ತಿಂದೆ.

ಮಾರ್ಚ್ 27, ಮಧ್ಯಾಹ್ನ 2:10

ತರಬೇತಿ ನಡೆಯುತ್ತಿದೆ. ಅದೇ ನರ್ಸ್, ಅದೇ ಟೋಮೆ. ವೆಲಿಕಕ್ಕ ಟೋಮೆಗೆ ಎದೆ ಹೊಲಿದುಕೊಂಡು ಬಂದಿದ್ದಾಳೆ, ಹತ್ತಿ ತುಂಬಿ. "ನನ್ ಅಳತೇನೇ, ಕಡಿಮೆ ಮಾಡಿಲ್ಲ." ಅದರ ಮೇಲೆ ಬ್ರಾ, ಅದರ ಮೇಲೆ ಕುಪ್ಪಸ. ಪಟ್ಟಿಗೆ ನನ್ನಿಂದ ಪಿನ್ನು ಇಸಿದುಕೊಂಡು ಚುಚ್ಚಿದಳು. "ಹೆಂಗಸ್ರು ನಿಜವಾಗ್ಲೂ ಹಾಕ್ಕೊಳ್ಳೋದು ಹೀಗೇ. ಹೀಗೇ ಕಲೀರಿ."

ಅವಳು ಹೇಳಿದಳು. ನಾನೂ ಹೇಳಿದೆ. ಯಾರೂ ನಗಲಿಲ್ಲ. ಸ್ವೆಟರ್ ಹೊದಿಸಿದವಳು ಅತ್ತಳು, ಸಕ್ಕರೆ ನೀರಿನವಳೂ. ನರ್ಸ್ ಈ ಸಲ ಏನನ್ನೂ ಕಿತ್ತೆಸೆಯಲಿಲ್ಲ, ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡಳು.

ಈಗ ಸಾಲಾಗಿ ನಿಂತಿದ್ದಾರೆ. ಬಟ್ಟೆ ಕತ್ತರಿಸಿ ಪ್ಯಾಡ್ ಅಂಟಿಸುವುದರಲ್ಲಿ ತ್ರಾಯಂಕಾ ನಲವತ್ತೊಂದು ಸೆಕೆಂಡು. ಸಕ್ಕರೆ ನೀರಿನವಳು ಮೂವತ್ತೈದು. ನಾನು ಇಪ್ಪತ್ತಾರು. ಕಿವಿ ಕೆಂಪಾಯಿತು, ಆಗಲಿ, ಕೈ ನಿಲ್ಲಲಿಲ್ಲ. ಹೊಲಿಗೆ ಕೆಟ್ಟ ಬ್ರಾಗಳ ಬುಟ್ಟಿ ಇಟ್ಟುಕೊಂಡು ವೆಲಿಕಕ್ಕ ಒಂದೊಂದೇ ತೊಡಿಸುತ್ತಿದ್ದಾಳೆ, ಪಿನ್ನು ಚುಚ್ಚುತ್ತಿದ್ದಾಳೆ, ಮುಂದಿನವಳನ್ನು ಕರೆಯುತ್ತಿದ್ದಾಳೆ. ಹೆಸರು ನೆನಪಾಗದಿದ್ದರೆ ಏ ಕೆಂಪು ಸ್ಕರ್ಟು, ಏ ಉದ್ದ ಮೂಗು. ಗಡಿಯಾರ ನನ್ನ ಹತ್ತಿರ. ಕಂಬದ ಮರೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ, ಕೂಗುತ್ತಿದ್ದಾಳೆ… ಬರೆದಿದ್ದು ಸಾಕು ಮೇಸ್ತ್ರಿ, ಬಾ, ಟೈಮ್ ನೋಡು —