ತೋಳಿನ ಮೇಲಿನ ಹತ್ತಿ

೧೯ ಜನವರಿ ೨೦೨೨, ಬುಧವಾರ

ಆ ಹತ್ತಿಯ ಚೂರು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಅತ್ತೆಯನ್ನು ಬೆಂಚಿನ ಮೇಲೆ ಮಲಗಿಸಿಯೇ ಆಕ್ಸಿಜನ್ ಹಚ್ಚಿದರು. ಕೋವಿಡ್ ಲಸಿಕೆ ಆಗಿದೆಯೇ ಎಂದು ಡಾಕ್ಟರು ಕೇಳಿದಾಗ, "ಎರಡೂ ಡೋಸ್ ಆಗ್ಯಾವ್ರಿ, ನಾನ ಆಶಾ ಕಾರ್ಯಕರ್ತೆ" ಎಂದೆ, ಹೆಮ್ಮೆಯಿಂದಲೇ. ಅತ್ತೆ ಮುಖ ಆ ಕಡೆ ತಿರುಗಿಸಿದರು. ನನ್ನ ಗಂಡ ನದೀಮ ನೆಲ ನೋಡುತ್ತ, "ಇಲ್ರಿ ಸರ್, ಒಂದೂ ಹಾಕಿಸಿಲ್ಲ" ಎಂದ.

ಲಸಿಕೆ ಹಾಕುವ ದಿನ ನಮ್ಮೂರು ಕಾಖಂಡಕಿಯ ಅಂಗನವಾಡಿ ಬಾಗಿಲಲ್ಲಿ ನಾನು ಹೆಸರು ಬರೆಯುತ್ತಿದ್ದಾಗ ಅತ್ತೆಯನ್ನು ಒಳಗೆ ಕರೆದೊಯ್ದವನು ಅವನೇ. ಗದ್ದಲದಲ್ಲಿ ಎರಡು ಸಲವೂ ತೋಳಿಗೆ ಬರೀ ಹತ್ತಿ ಅಂಟಿಸಿಕೊಂಡು ಹೊರಗೆ ಬಂದಿದ್ದಾರೆ. ಆ ತೋಳು ತೋರಿಸಿಯೇ ನಾನು ಓಣಿಯನ್ನೆಲ್ಲ ಲಸಿಕೆಗೆ ಒಪ್ಪಿಸಿದ್ದು.

"ಅಮ್ಮಾಗ ಸೂಜಿ ಅಂದ್ರ ಅಂಜಿಕಿ. ಮಂದಿ ಮುಂದ ನಿನ್ನ ಮಾನ ಹೋಗಬಾರದಂತ ಹಂಗ ಮಾಡಿದ್ವಿ" ಅಂದ. ನನಗಾಗಿಯಂತೆ.

ಬೆಳಿಗ್ಗೆ ಆಂಬುಲೆನ್ಸ್ ಹತ್ತುವಾಗ ನೆರೆಮನೆಯ ರುಕ್ಮವ್ವ ರೊಟ್ಟಿಯ ಬುತ್ತಿ ಕೈಗಿಟ್ಟಿದ್ದಳು. "ನಿಮ್ಮತ್ತಿ ಧೈರ್ಯಾ ನೋಡೇ ನಾನೂ ಹಾಕಿಸ್ಕೊಂಡೆ ಬೇ. ಆಕಿಗೇನೂ ಆಗಂಗಿಲ್ಲ."

ನದೀಮ ಎರಡು ರೊಟ್ಟಿ ತಿಂದ. ಉಳಿದವನ್ನು ನಾನು ಮತ್ತೆ ಬಟ್ಟೆಯಲ್ಲಿ ಕಟ್ಟಿಟ್ಟೆ. ನಾಳೆ ಬುತ್ತಿಯ ಬಟ್ಟೆ ಅವಳಿಗೆ ತಿರುಗಿ ಕೊಡಬೇಕು. ಆಗ ಅತ್ತೆಯ ಸುದ್ದಿ ಕೇಳಿ ಅವಳು, ನಿನ್ನ ತೋಳನ್ನೂ ತೋರಿಸು ಎಂದರೆ, ಎರಡೂ ಸೂಜಿ ಹಾಕಿಸಿಕೊಂಡಿದ್ದರೂ ನಾನು ಏನು ತೋರಿಸಲಿ?