ನೀರಿನ ಗಡಿಯಾರ ಕೇಳಿದ ತಂಗಿಗೆ

ಇಚಲಕರಂಜಿ
೧೧ ಫೆಬ್ರುವರಿ ೨೦೨೬

ಪ್ರೀತಿಯ ತಂಗಿ ಪ್ರಣಿತಾಗೆ,

ನಿನ್ನ ಅಣ್ಣ ಬಸವಂತ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ ಅಂತ ಬರೆಯಬೇಕು, ಬರೆದಿದ್ದೇನೆ ಅಂತಲೇ ತಿಳಿದುಕೋ. ಡೈವ್ ಕಂಪ್ಯೂಟರ್, ಅದೇ ಸಮುದ್ರಕ್ಕೆ ಇಳಿಯುವಾಗ ಕೈಗೆ ಕಟ್ಟಿಕೊಳ್ಳುವ ನೀರಿನ ಗಡಿಯಾರ, ಯಾವುದು ತಗೊಳ್ಳಲಿ ಅಂತ ಡೈವಿಂಗ್ ಕಲಿಯಲು ಹೋದ ನೀನು ಮಾಲವಣದಿಂದ ಕೇಳಿ ಬಹಳ ದಿನವಾಯಿತು. ತಡವಾಯಿತು ಅಂತ ಸಿಟ್ಟಾಗಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಎರಡೇ ಮಾತಿಗೆ ನನ್ನನ್ನು ನಗಿಸಿ ವಿಷಯ ಹಾರಿಸಿಬಿಡುತ್ತೀ. ಕಾಗದದ ಮೇಲೆ ನಿನ್ನ ಆಟ ನಡೆಯುವುದಿಲ್ಲ.

ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾನೆ. ಅವ್ವ ಈಗಷ್ಟೇ ನನ್ನ ಕಾಲಿಗೆ ಎಣ್ಣೆ ತಿಕ್ಕಿ ಎದ್ದಳು. ಬೆನ್ನುಹುರಿಗೆ ಆದದ್ದು ವಾಪಸ್ ಬರುವಂಥದ್ದಲ್ಲ ಅಂತ ಕೋಲ್ಹಾಪುರದ ಡಾಕ್ಟರು ಹೇಳಿ ವರ್ಷದ ಮೇಲಾಯಿತು, ಆಕೆಗೆ ಮಾತ್ರ ಎಣ್ಣೆಯ ಮೇಲೆ ನಂಬಿಕೆ. ತಿಕ್ಕುತ್ತಾ ಕೇಳುತ್ತಾಳೆ, "ಗೊತ್ತಾಗಾಕತ್ತೈತೇನೋ ಬಸೂ?" ನಾನು "ಹೂಂ, ಸ್ವಲ್ಪ ಸ್ವಲ್ಪ" ಅನ್ನುತ್ತೇನೆ. ಏನೂ ಗೊತ್ತಾಗುವುದಿಲ್ಲ ಪ್ರಣೀ. ಬೇರೆ ಯಾರದೋ ಕಾಲು ತಿಕ್ಕುವುದನ್ನು ನೋಡಿದ ಹಾಗೆ ನೋಡುತ್ತಾ ಬಿದ್ದಿರುತ್ತೇನೆ.

ಇರಲಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಆಳಕ್ಕೆ ಇಳಿದಾಗ ಉಸಿರಾಡಿದ ಗಾಳಿಯಲ್ಲಿನ ನೈಟ್ರೋಜನ್ ಮೈಯೊಳಗೆ ಇಂಗುತ್ತದೆ. ನಿಧಾನ ಮೇಲೆ ಬಂದರೆ ಉಸಿರಿನ ಜೊತೆ ಹೊರಟುಹೋಗುತ್ತದೆ, ಅವಸರ ಮಾಡಿದರೆ ಒಳಗೇ ಗುಳ್ಳೆಯಾಗಿ ಬೆನ್ನುಹುರಿಯನ್ನೂ ಕೆಡಿಸುತ್ತದೆ. ರಕ್ತ ತೆಳು ಸೀರೆಯ ಹಾಗೆ, ಬೇಗ ನೆನೆದು ಬೇಗ ಒಣಗುತ್ತದೆ. ಕೊಬ್ಬು, ಕೀಲುಗಳು ದಪ್ಪ ಕೌದಿಯ ಹಾಗೆ, ಬೆಳಿಗ್ಗೆ ನೆನೆದದ್ದು ಸಂಜೆಗೂ ಹಸಿ ಇರುತ್ತದೆ. ನೀನು ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದೆ ಅಂತ ನೋಡಿ, ಯಾವುದು ಎಷ್ಟು ನೆನೆದಿರಬಹುದು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಲೆಕ್ಕದ ರೀತಿಗೇ ಅಲ್ಗಾರಿದಮ್ ಅನ್ನುವುದು. ಒಂದೊಂದು ಕಂಪನಿಯದು ಒಂದೊಂದು ರೀತಿ. ಒಂದೇ ಆಳದಲ್ಲಿ ಒಂದು "ಇನ್ನೂ ಇರು" ಅಂದರೆ ಇನ್ನೊಂದು "ಸಾಕು, ಏಳು" ಅನ್ನುತ್ತದೆ. ನೀನು ಆ ಎರಡನೆಯ ಅಂಜುಬುರುಕನನ್ನೇ ತಗೋ. ಅದರಲ್ಲೂ ಎಚ್ಚರಿಕೆಯ ಮಟ್ಟ ಏರಿಸಲು ಬರುತ್ತದೆ, ಏರಿಸಿಡು. ಅಂಕಿ ದೊಡ್ಡದಾಗಿ ಕಾಣಲಿ, ರಾಡಿ ನೀರಿನಲ್ಲಿ ಬೇರೆ ಥಳಕು ಯಾವುದೂ ಉಪಯೋಗಕ್ಕಿಲ್ಲ. ಯಾರಿಗೂ ಎರವಲು ಕೊಡಬೇಡ. ಬೆಳಿಗ್ಗೆ ನಿನ್ನ ಕೈಯಲ್ಲಿದ್ದದ್ದು ಮಧ್ಯಾಹ್ನ ಇನ್ನೊಬ್ಬಳ ಕೈಗೆ ಹೋದರೆ ಇಬ್ಬರ ಲೆಕ್ಕವೂ ಸುಳ್ಳಾಗುತ್ತದೆ.

ನೋಡು, ಅಂಗಡಿಯವನ ಹಾಗೆ ಬರೆದುಬಿಟ್ಟೆ. ನಿಜ ಹೇಳಲೇ? ನೀನು ಯಾವುದನ್ನೂ ತಗೊಳ್ಳಬೇಡ. ಸೋಮವಾರದಿಂದ ನಿನ್ನನ್ನು ಆಳದ ಡೈವಿಗೆ ಇಳಿಸುತ್ತಾರೆ ಅಂತ ತಿಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಪಂಚಗಂಗೆಯಲ್ಲಿ ಈಜು ಕಲಿಸಿ ನಿನಗೆ ನೀರಿನ ಹುಚ್ಚು ಹಿಡಿಸಿದವನೇ ಕೇಳಿಕೊಳ್ಳುತ್ತಿದ್ದೇನೆ, ಬಿಟ್ಟು ಬಾ. "ನಿಂದು ಹಳೇದಿತ್ತು, ಕೆಟ್ಟಿತ್ತು. ಹೊಸಾದ ಕಟ್ಟಿಕೊಂಡ್ರ ನನಗೇನ ಆಗತೈತಿ ಅಣ್ಣಾ?" ಅಂದೆಯಲ್ಲ. ಹೊಸದೂ ನಿನ್ನ ಮೈಯನ್ನು ನೋಡುವುದಿಲ್ಲ. ನಿದ್ದೆಗೆಟ್ಟಿದ್ದೀಯಾ, ನೀರು ಕುಡಿಯದೆ ಒಣಗಿದ್ದೀಯಾ, ಅದಕ್ಕೆ ತಿಳಿಯದು. ಅದರೊಳಗಿರುವುದು ಲೆಕ್ಕದ ಮೈ, ನಮ್ಮ ಪ್ರಣಿತಾಳದ್ದಲ್ಲ.

ಅಪ್ಪನೂ ನಿನ್ನ ಕಡೆಗೇ. "ಹೊಸಾ ಘಡ್ಯಾಳ ಕಟ್ಟಿಕೊಂಡ ಹೋಗಲಿ ಬಿಡ. ಹಳೇದ ಕೆಟ್ಟಿದ್ದಕ್ಕ ನಿನಗ ಹಿಂಗಾತು" ಅಂದ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನನಗೆ ಕೈಮುಗಿದಳು. "ಆಕೀನ ಕರಸೋ ಬಸೂ. ನನ್ನ ಮಾತ ಕೇಳಂಗಿಲ್ಲ ಆಕಿ. ಈ ಮನ್ಯಾಗ ಇನ್ನೊಂದು ಹಾಸಿಗಿ ಹಾಸಾಕ ನನ್ನ ಕೈಲೆ ಆಗೂದಿಲ್ಲ." ಆಕೆ ಅತ್ತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಕೈಮುಗಿದದ್ದನ್ನು ನೋಡಿರಲಿಲ್ಲ.

ದೇವರು ನಿನಗೆ ಆಯುಷ್ಯ, ಬುದ್ಧಿ ಎರಡನ್ನೂ ಕೊಡಲಿ. ಮೊದಲನೆಯದನ್ನು ಸ್ವಲ್ಪ ಹೆಚ್ಚೇ ಕೊಡಲಿ.

ನಿನ್ನ ಅಣ್ಣ,
ಬಸವಂತ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನನ್ನ ಕಂಪ್ಯೂಟರ್ ಕೆಟ್ಟಿರಲಿಲ್ಲ. ಅದು ನಾನೇ ಕಟ್ಟಿದ ಸುಳ್ಳು. ಆ ದೀಪಾವಳಿಯಲ್ಲಿ ಮಾಲವಣದಲ್ಲಿ ಪ್ರವಾಸಿಗರ ಗದ್ದಲ, ಅವರನ್ನು ಡೈವಿಗೆ ಇಳಿಸುತ್ತಾ ದಿನವಿಡೀ ನೀರಲ್ಲೇ ಇದ್ದೆ. ತಂಗಿ ಅಣ್ಣನಿಗೆ ಆರತಿ ಮಾಡುವ ಭಾವೂಬೀಜದ ದಿನ ಕೊನೆಯ ಸಲ ಮೇಲೆ ಬಂದಾಗ ಪರದೆಯ ಮೇಲೆ ವಿಮಾನದ ಚಿತ್ರ ಮೂಡಿತ್ತು. ನಾಳೆಯವರೆಗೆ ಎತ್ತರಕ್ಕೆ ಹೋಗಬೇಡ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಒಳಗೆ ಉಳಿದದ್ದು ಗುಳ್ಳೆಯಾಗುತ್ತದೆ ಅಂತ ಅದರರ್ಥ. ಅಷ್ಟರಲ್ಲಿ ನಿನ್ನ ಫೋನ್ ಬಂತು. ಆಗ ನೀನು ಕಾಲೇಜಿಗಾಗಿ ಗಡಹಿಂಗ್ಲಜದ ಬಾಳಕ್ಕ ಅತ್ತೆಯ ಮನೆಯಲ್ಲಿದ್ದೆ. "ಆರತಿ ತಾಟ ಹಿಡಕೊಂಡ ಕುಂತೇನಿ. ನೀ ಬರೋತನಕಾ ಉಣ್ಣಂಗಿಲ್ಲ ನೋಡ" ಅಂದೆ. ಘಾಟು ಹತ್ತುವುದು ವಿಮಾನ ಹತ್ತಿದ ಹಾಗಲ್ಲವಲ್ಲ ಅಂದುಕೊಂಡು ಗಾಡಿ ತೆಗೆದು ಅಂಬೋಲಿ ಘಾಟು ಏರಿದೆ. ಆರತಿ ಮಾಡಿಸಿಕೊಂಡೆ, ನೀನು ಉಂಡದ್ದನ್ನು ನೋಡಿದೆ. ಏಳಲು ಹೋದರೆ ಕಾಲು ಇರಲಿಲ್ಲ.

ನಿನ್ನ ತಪ್ಪಲ್ಲ. ಹಾಗಂದರೂ ನೀನು ಅಳುತ್ತೀ, ಅದಕ್ಕೇ ಇಷ್ಟು ದಿನ ಮುಚ್ಚಿಟ್ಟೆ. ಆದರೆ ನಾಳೆ ಅವ್ವ ಬಿದ್ದಳು ಅಂತ ಫೋನ್ ಬಂದರೆ ನೀನೂ ಪರದೆ ನೋಡುವುದಿಲ್ಲ, ಗಾಡಿ ಹತ್ತಿ ಘಾಟು ಏರುತ್ತೀ. ಈ ಪತ್ರ ಓದಿಯೂ ಹಾಗೇ ಓಡಿ ಬರುತ್ತೀಯೇನೋ ಅಂತ ಹೆದರಿಕೆ. ನೀರಿಗೆ ಇಳಿದಿದ್ದರೆ ಇವತ್ತು ಹೊರಡಬೇಡ. ಒಂದು ಪೂರ್ತಿ ದಿನ ದಡದ ಮೇಲೆ ಕೂತಿದ್ದು ಆಮೇಲೆ ಬಾ. ನಾವೆಲ್ಲ ಉಂಡೇ ಇರುತ್ತೇವೆ, ಇಲ್ಲಿ ಯಾರೂ ನಿನಗಾಗಿ ಉಪವಾಸ ಕೂಡುವುದಿಲ್ಲ.